ಚಪ್ಪಲಿ ರೆಕ್ಸಿನ್‌ನಿಂದ ಕಾರಿನ ಸೀಟಿಗೆ: ಜೈಪುರ ಕಂಪನಿಯ ದಾರಿ ನಮ್ಮ ಮಗ್ಗಗಳಿಗೆ ಹೇಳೋದೇನು?

ದೊಡ್ಡಬಳ್ಳಾಪುರ: ಚಪ್ಪಲಿ, ಬ್ಯಾಗು, ಆಟೋ ಸೀಟು ಎಲ್ಲಕ್ಕೂ ಹಾಕೋ ಮಾಲನ್ನ ಜನ ರೆಕ್ಸಿನ್ ಅಂತಾರೆ. ಅಸಲಿಗೆ ಅದು ಇಂಗ್ಲೆಂಡಿನ ಒಂದು ಕಂಪನಿಯ ಬ್ರಾಂಡ್ ಹೆಸರು. ಒಳಗಿರೋದು ಬಟ್ಟೆಯೇ, ಮೇಲೆ ಪಿವಿಸಿ ಅಥವಾ ಪಿಯು ಲೇಪನ.

ಇದೇ ಮಾಲು ಮಾಡುವ ಜೈಪುರದ ಮಯೂರ್ ಯೂನಿಕೋಟರ್ಸ್ ಕಂಪನಿ 1992ರಲ್ಲಿ ಶುರುವಾಯ್ತು. ಆಗ ಅದರ ದೊಡ್ಡ ಗಿರಾಕಿಗಳು ಚಪ್ಪಲಿ, ಶೂ ತಯಾರಕರು. ಆಮೇಲೆ ಕಾರು ಕಂಪನಿಗಳತ್ತ ತಿರುಗಿತು. ಮಾರುತಿ ಸುಜುಕಿ ಅಷ್ಟೇ ಅಲ್ಲ, ಅಮೆರಿಕದ ಫೋರ್ಡ್, ಕ್ರೈಸ್ಲರ್‌ಗೂ ಇಲ್ಲಿಂದ ಮಾಲು ಹೋಯ್ತು.

ಕಾರಣ ಸರಳ. ಚಪ್ಪಲಿ ಬಜಾರಿನಲ್ಲಿ ಮೀಟರ್ ಲೆಕ್ಕದ ಜಗ್ಗಾಟ. ಫ್ಯಾಷನ್ ಬದಲಾದ್ರೆ ಸ್ಟಾಕ್ ಗೋಡೌನ್‌ನಲ್ಲೇ ಕೂರುತ್ತೆ. ಕಾರಿನ ಒಂದು ಮಾಡೆಲ್ ವರ್ಷಗಟ್ಟಲೆ ಓಡುತ್ತೆ, ಅದೇ ಬಣ್ಣದ ಆರ್ಡರ್ ಬರ್ತಾ ಇರುತ್ತೆ.

ಆದ್ರೆ ಒಳಗೆ ಹೋಗೋದು ಸುಲಭ ಅಲ್ಲ. ಬಿಸಿಲು, ಬೆವರು, ಉಜ್ಜಾಟ ಎಲ್ಲಕ್ಕೂ ಪರೀಕ್ಷೆ ಇದೆ. ಅಮೆರಿಕದ ನಿಯಮದ ಪ್ರಕಾರ ಸೀಟಿನ ಬಟ್ಟೆಗೆ ಹತ್ತಿದ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ವೇಗವಾಗಿ ಹರಡಬಾರದು. ಸ್ಯಾಂಪಲ್ ಪಾಸಾಗಿ ಆರ್ಡರ್ ಕೈಗೆ ಬರುವವರೆಗೆ ಖರ್ಚು ಮಾತ್ರ. 2020ರ ಲಾಕ್‌ಡೌನ್‌ನಲ್ಲಿ ಕಾರು ಕಾರ್ಖಾನೆಗಳು ನಿಂತಾಗ ಅವನ್ನೇ ನಂಬಿದವರ ಆರ್ಡರೂ ನಿಂತಿತು.

ನಮ್ಮಲ್ಲಿ ಆಗುತ್ತಾ?

ಸೂರತ್ ಸೀರೆಯ ಪೈಪೋಟಿಗೆ ಇಲ್ಲಿನ ವಿದ್ಯುತ್ ಮಗ್ಗಗಳು ಸೋತಿವೆ. ಹಾಗಾಗಿ ‘ಕೈಗಾರಿಕಾ ಬಟ್ಟೆ ನೇಯೋಣ’ ಅನ್ನೋ ಯೋಚನೆ ಬರೋದು ಸಹಜ. ಕೇಂದ್ರ ಸರ್ಕಾರ ಕೂಡ 2020ರಲ್ಲಿ ತಾಂತ್ರಿಕ ಜವಳಿ ಮಿಷನ್‌ಗೆ 1,480 ಕೋಟಿ ರೂಪಾಯಿ ಒಪ್ಪಿತ್ತು.

ಆದ್ರೆ ಸೀರೆ ಮಗ್ಗದಲ್ಲಿ ಇವತ್ತು ಸೀರೆ, ನಾಳೆ ಸೀಟಿನ ಬಟ್ಟೆ ಅನ್ನೋಕಾಗಲ್ಲ. ಲೇಪನದ ಶೀಟು ಸಾಮಾನ್ಯವಾಗಿ 54 ಇಂಚು ಅಗಲ ಇರುತ್ತೆ. ಅದರಡಿಯ ಬಟ್ಟೆಗೂ ಅಷ್ಟು ಅಗಲ, ಉದ್ದಕ್ಕೂ ಒಂದೇ ಗುಣಮಟ್ಟ ಬೇಕು. ನಾಲ್ಕು ಮಗ್ಗದ ಮಾಲೀಕ ಒಬ್ಬನೇ ಸಾಲ ಮಾಡಿ ಇಳಿದ್ರೆ ಮುಳುಗೋದೇ ಹೆಚ್ಚು. ಹತ್ತಾರು ಜನ ಸೇರಿ, ಮೊದಲು ಗಿರಾಕಿ ಹುಡುಕಿ, ಆಮೇಲೆ ಮಷಿನ್ ತಂದ್ರೆ ಮಾತ್ರ ದಾರಿ ಕಾಣಬಹುದು. ಜೈಪುರದ ಕಂಪನಿ ಕೂಡ ಚಪ್ಪಲಿ ಮಾಲು ಬಿಟ್ಟು ಕಾರಿಗೆ ಹಾರಲಿಲ್ಲ, ಅದನ್ನ ಮಾರುತ್ತಲೇ ಕಾರಿನ ಕಡೆ ಬೆಳೀತು.

ಇದು ನೇಕಾರರ ವಿಷಯ ಮಾತ್ರ ಅಲ್ಲ. ಮಗ್ಗದವರ ವಾರದ ಬಟವಾಡೆ ತಪ್ಪಿದ್ರೆ ಊರಿನ ಕಿರಾಣಿ ಅಂಗಡಿಯ ಸಾಲದ ಪುಸ್ತಕವೂ ದಪ್ಪ ಆಗುತ್ತೆ.