ಟಾಪ್ ಸ್ಟೇಷನ್‌ನಲ್ಲಿ ಟ್ರೈನ್ ಎಲ್ಲಿ?

ಲಾಂಗ್ ವೀಕೆಂಡ್ ಬಂತು ಅಂದ್ರೆ ಬೆಂಗಳೂರಿನ ಅರ್ಧ ಆಫೀಸು ಮುನ್ನಾರ್ ದಾರಿಯಲ್ಲಿರುತ್ತೆ. ಹೋದವರ ಲಿಸ್ಟಿನಲ್ಲಿ ಟಾಪ್ ಸ್ಟೇಷನ್ ಇದ್ದೇ ಇರುತ್ತೆ. ಊರಿನಿಂದ ಸುಮಾರು 32 ಕಿ.ಮೀ. ದಾರಿ, ಮಂಜು, ವ್ಯೂ ಪಾಯಿಂಟ್, ಒಂದಷ್ಟು ಸೆಲ್ಫಿ, ವಾಪಸ್. ಸುತ್ತ ಎಲ್ಲೂ ಒಂದು ಹಳಿ ಕೂಡ ಕಾಣದ ಜಾಗಕ್ಕೆ 'ಸ್ಟೇಷನ್' ಅನ್ನೋ ಹೆಸರು ಯಾಕೆ ಅಂತ ಯೋಚನೆ ಮಾಡಿದ್ದೀರಾ?

ಅದು ನಿಜವಾಗಿಯೂ ರೈಲ್ವೆ ಸ್ಟೇಷನ್ನೇ ಆಗಿತ್ತು. ಅಲ್ಲಿಗೆ ಬರುತ್ತಿದ್ದ ರೈಲಿನ ಹೆಸರು ಕುಂಡಲ ವ್ಯಾಲಿ ರೈಲ್ವೆ. ಅದು ಓಡುತ್ತಿದ್ದದ್ದು ಮುಖ್ಯವಾಗಿ ಟೀ ಪೆಟ್ಟಿಗೆಗಳಿಗೋಸ್ಕರ.

19ನೇ ಶತಮಾನದ ಕೊನೆಗೆ ಕಣ್ಣನ್ ದೇವನ್ ಬೆಟ್ಟಗಳಲ್ಲಿ ಬ್ರಿಟಿಷ್ ಕಂಪನಿಗಳ ಟೀ ತೋಟಗಳು ಹಬ್ಬಿದ್ದವು. ಟೀ ಬೆಳೆಯೋದು ಒಂದು ಕೆಲಸ, ಅದನ್ನು ಬೆಟ್ಟ ಇಳಿಸೋದು ಇನ್ನೊಂದು ದೊಡ್ಡ ತಲೆನೋವು. 1902ರಲ್ಲಿ ಮುನ್ನಾರ್‌ನಿಂದ ಟಾಪ್ ಸ್ಟೇಷನ್‌ವರೆಗೆ ಮೊದಲು ಹಾಕಿದ್ದು ಎರಡು ಹಳಿಯ ರೈಲಲ್ಲ, ಒಂದೇ ಹಳಿಯ ಮೋನೋರೈಲ್. ಈಗಿನ ಮೋನೋರೈಲ್ ಕಲ್ಪನೆ ಮಾಡ್ಕೋಬೇಡಿ. ಚಿಕ್ಕ ಚಕ್ರಗಳು ಹಳಿಯ ಮೇಲೆ, ಬಂಡಿ ಮಗುಚದಂತೆ ಪಕ್ಕಕ್ಕೆ ಚಾಚಿದ ಒಂದು ದೊಡ್ಡ ಚಕ್ರ ರಸ್ತೆಯ ಮೇಲೆ. ಎಳೆಯೋಕೆ ಎತ್ತುಗಳು! ಇದಕ್ಕೆ ಎವಿಂಗ್ ಪದ್ಧತಿ ಅಂತ ಹೆಸರು. ಒಂದೇ ಹಳಿ ಸಾಕಾದ್ದರಿಂದ ಖರ್ಚು ಕಡಿಮೆ. ಇದೇ ಪದ್ಧತಿಯಲ್ಲಿ ಆಮೇಲೆ ಪಟಿಯಾಲದಲ್ಲೂ ಮೋನೋರೈಲ್ ಬಂತು. ಅದರ ಇಂಜಿನ್ ದೆಹಲಿಯ ರೈಲ್ ಮ್ಯೂಸಿಯಂನಲ್ಲಿದೆ.

ತೋಟಗಳು ಬೆಳೆದಂತೆ ಎತ್ತುಗಳಿಂದ ಕೆಲಸ ಸಾಗಲಿಲ್ಲ. 1908ರಲ್ಲಿ ಮೋನೋರೈಲ್ ತೆಗೆದು, ಎರಡು ಅಡಿ ಅಗಲದ ಪುಟ್ಟ ನ್ಯಾರೋಗೇಜ್ ಹಳಿ ಹಾಕಿದರು. ಉಗಿಬಂಡಿ ಬಂತು. ಮುನ್ನಾರ್‌ನಲ್ಲಿ ಹತ್ತಿಸಿದ ಪೆಟ್ಟಿಗೆಗಳು ಟಾಪ್ ಸ್ಟೇಷನ್‌ನಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಮುಂದೆ ಬೆಟ್ಟ ಒಮ್ಮೆಲೇ ಕೆಳಗೆ ಧುಮುಕುತ್ತೆ, ರೈಲು ಇಳಿಯೋ ಮಾತೇ ಇಲ್ಲ. ಹಾಗಾಗಿ ಪೆಟ್ಟಿಗೆಗಳು ರೋಪ್‌ವೇಯಲ್ಲಿ ತೂಗಾಡುತ್ತಾ ಸುಮಾರು 5 ಕಿ.ಮೀ. ಇಳಿದು ತಮಿಳುನಾಡಿನ ಕೊಟ್ಟಗುಡಿ ತಲುಪುತ್ತಿದ್ದವು. ಜನರ ಬಾಯಲ್ಲಿ ಕೊಟ್ಟಗುಡಿಯ ಹೆಸರೇ 'ಬಾಟಮ್ ಸ್ಟೇಷನ್' ಆಯ್ತು. ಅಲ್ಲಿಂದ ಗಾಡಿಯಲ್ಲಿ ಬೋಡಿನಾಯಕನೂರು, ಕೊನೆಗೆ ಹಡಗು ಹತ್ತಿ ಇಂಗ್ಲೆಂಡ್. ಲಂಡನ್ನಿನ ಯಾರದೋ ಮನೆಯ ಸಂಜೆಯ ಚಹಾಕ್ಕೆ ಇಷ್ಟೆಲ್ಲ ಸರ್ಕಸ್ಸು.

ಇಷ್ಟು ಕಷ್ಟಪಟ್ಟು ಕಟ್ಟಿದ ರೈಲು ಬಾಳಿದ್ದು ಬರೀ 16 ವರ್ಷ.

1924ರ ಜುಲೈ. ಮಲಯಾಳಂ ಪಂಚಾಂಗದಲ್ಲಿ ಅದು 1099ನೇ ವರ್ಷ. ಕೇರಳದ ಅಜ್ಜ ಅಜ್ಜಿಯರು ಈಗಲೂ ಅದನ್ನು '99ರ ಪ್ರವಾಹ' ಅಂತಲೇ ಕರೀತಾರೆ. ಅದೇ ಮಳೆಗಾಲದಲ್ಲಿ ನಮ್ಮ ಕಾವೇರಿಯೂ ಯಾರೂ ಕಂಡಿರದ ಮಟ್ಟಕ್ಕೆ ಉಕ್ಕಿದ್ದಳು. ಕೆ.ಆರ್.ಎಸ್. ಅಣೆಕಟ್ಟು ಆಗಿನ್ನೂ ಕಟ್ಟುತ್ತಿದ್ದ ಹಂತದಲ್ಲಿತ್ತು. ಮುನ್ನಾರ್ ಅಂದ್ರೆ 'ಮೂರು ನದಿ' ಅಂತ ಅರ್ಥ. ಮೂರು ನದಿಗಳು ಕೂಡುವ ಊರಿನಲ್ಲಿ ದಿನಗಟ್ಟಲೆ ಮಳೆ ನಿಲ್ಲದಿದ್ದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಬೆಟ್ಟ ಕುಸಿಯಿತು, ಸೇತುವೆ ಹೋಯ್ತು, ಹಳಿ ಕೊಚ್ಚಿಹೋಯ್ತು. ಮತ್ತೆ ಆ ಹಳಿ ಹಾಕುವ ಗೋಜಿಗೆ ಯಾರೂ ಹೋಗಲಿಲ್ಲ.

ಉಳಿದದ್ದು ಚೂರುಪಾರು. ಹಳೆಯ ಮುನ್ನಾರ್ ಸ್ಟೇಷನ್ ಕಟ್ಟಡ ಟೀ ಕಂಪನಿಯ ಆಫೀಸಾಯ್ತು. ಟೀ ಮ್ಯೂಸಿಯಂನಲ್ಲಿ ಆ ರೈಲಿನದ್ದೊಂದು ಚಕ್ರ ಇದೆ. ಜನ ಅದರ ಪಕ್ಕದಲ್ಲೇ ಹಾದು ಟೀ ಟೇಸ್ಟಿಂಗ್ ಕಡೆ ಹೋಗ್ತಾರೆ.

ಈ ಕಥೆಯನ್ನು ನಾವು 'ಅಯ್ಯೋ, ಎಷ್ಟು ಚೆನ್ನಾಗಿತ್ತು, ಹೋಯ್ತಲ್ಲ' ಅಂತ ಹೇಳಿ ಮುಗಿಸಿಬಿಡ್ತೀವಿ. ನನಗೆ ಕಾಡೋದು ಬೇರೆ. ರೈಲು ಹೋದಾಗ ಕಂಪನಿಗೆ ಬೇರೆ ದಾರಿ ಇತ್ತು. ರಸ್ತೆ ಬಂತು. 1935ರಲ್ಲಿ ಪೆರಿಯಾರ್ ಮೇಲೆ ನೇರ್ಯಮಂಗಲಂ ಸೇತುವೆ ಆಯ್ತು, ಕೊಚ್ಚಿ ಕಡೆಗೆ ಬಾಗಿಲು ತೆರೆಯಿತು. ಟೀ ಪೆಟ್ಟಿಗೆ ದಿಕ್ಕು ಬದಲಿಸಬಹುದು. ಆದರೆ ಸೊಪ್ಪು ಕೀಳುವವರು ಬೆಟ್ಟ ಬಿಟ್ಟು ಎಲ್ಲಿಗೆ ಹೋಗಬೇಕು?

ನಾನು ಬೆಳೆದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ. ಲೈನ್ ಮನೆ ಅಂದ್ರೆ ಏನು ಅಂತ ಗೊತ್ತು. ಸಾಲಾಗಿ ಅಂಟಿಕೊಂಡ ಗೋಡೆಗಳು, ಒಂದು ಮನೆಯ ಕೆಮ್ಮು ಪಕ್ಕದ ಮನೆಗೆ ಕೇಳಿಸುತ್ತೆ. 2020ರ ಆಗಸ್ಟ್ 6ರ ರಾತ್ರಿ ಮುನ್ನಾರ್ ಹತ್ತಿರದ ಪೆಟ್ಟಿಮುಡಿಯಲ್ಲಿ ಅಂಥದ್ದೇ ಲೈನ್ ಮನೆಗಳ ಮೇಲೆ ಗುಡ್ಡ ಜಾರಿತು. ಟೀ ಕಾರ್ಮಿಕರು, ಅವರ ಮನೆಮಂದಿ, ಒಟ್ಟು 70 ಜೀವ ಹೋಯ್ತು. ಕರೆಂಟ್ ಇರಲಿಲ್ಲ, ಫೋನ್ ಇರಲಿಲ್ಲ. ಸುದ್ದಿ ಹೊರಗೆ ಬಂದದ್ದೇ ಮಾರನೇ ಬೆಳಿಗ್ಗೆ. ಅದಕ್ಕೆ ಎರಡೇ ವರ್ಷ ಮುಂಚೆ, 2018ರಲ್ಲಿ, ಪ್ರವಾಹ ಬಂದು ಮುನ್ನಾರ್ ದ್ವೀಪದ ಹಾಗೆ ಆಗಿತ್ತು.

ಕೆಲವು ವರ್ಷಗಳ ಹಿಂದೆ ಕೇರಳದಲ್ಲಿ ಈ ರೈಲನ್ನು ಪ್ರವಾಸಿಗರಿಗಾಗಿ ಮತ್ತೆ ತರೋಣ ಅನ್ನೋ ಮಾತು ಎದ್ದಿತ್ತು. ಬಂದರೆ ಮೊದಲ ಟಿಕೆಟ್ ತಗೊಳ್ಳುವವರಲ್ಲಿ ನಾನೂ ಇರ್ತೀನಿ, ಸುಳ್ಳು ಯಾಕೆ ಹೇಳಲಿ. ಆದರೆ ಒಂದೇ ಆಸೆ. ಹಳಿ ಹಾಕುವ ಮುಂಚೆ, ನಾವು ಉಳಿಯೋ ರೆಸಾರ್ಟ್ ಕಟ್ಟುವ ಮುಂಚೆ, 1924ರ ನೀರು ಎಲ್ಲಿಯವರೆಗೆ ಬಂದಿತ್ತು, ಯಾವ ಇಳಿಜಾರು ಕುಸಿದಿತ್ತು ಅಂತ ಯಾರಾದರೂ ನೋಡಲಿ. ಇಳಿಜಾರಿನ ಕೆಳಗಿರೋ ಲೈನ್ ಮನೆಗಳು ಮೊದಲು ಭದ್ರವಾದ ಜಾಗಕ್ಕೆ ಹೋಗಲಿ, ಟಾಯ್ ಟ್ರೈನ್ ಆಮೇಲೆ ಬರಲಿ.

ಮುಂದಿನ ಸಲ ಟಾಪ್ ಸ್ಟೇಷನ್‌ಗೆ ಹೋದಾಗ ಮಂಜು ಸರಿಯೋವರೆಗೆ ಸ್ವಲ್ಪ ಕಾಯಿರಿ. ತಮಿಳುನಾಡಿನ ಬಯಲು ಕಾಣುವ ಕಡೆ ನೋಡಿ, ಪೆಟ್ಟಿಗೆಗಳು ಇಳಿಯುತ್ತಿದ್ದದ್ದು ಆ ಕಡೆಗೇ. ಹಾಗೇ ಕ್ಯಾಬ್ ಡ್ರೈವರಣ್ಣನ ಹತ್ತಿರ 99ರ ಪ್ರವಾಹದ ಬಗ್ಗೆ ಕೇಳಿ. ಅವರ ಮನೆಯಲ್ಲಿ ಅಜ್ಜನ ಕಾಲದ ಒಂದು ಕಥೆ ಇದ್ದರೂ ಇರಬಹುದು.