ಹೊಲವಿಲ್ಲದ ಊರಿನ ಅಮ್ಮ

ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯನ್ನು ಒಮ್ಮೆ ಕಂಡವರು ಅದನ್ನು ಮರೆಯಲಾರರು. ಆನೇಕಲ್ ತಾಲ್ಲೂಕಿನ ಈ ಊರು ಎಲೆಕ್ಟ್ರಾನಿಕ್ ಸಿಟಿಯ ನೆರೆಯಲ್ಲಿಯೇ ಇದೆ. ಬೇಸಿಗೆ ಕಾಲಿಡುವ ಹೊತ್ತಿಗೆ ಸುತ್ತಲಿನ ಹಳ್ಳಿಗಳವರು ಮರ ಬಿದಿರುಗಳಿಂದ ನೂರು ಅಡಿಗೂ ಮಿಗಿಲಾದ ತೇರುಗಳನ್ನು ಕಟ್ಟಿ, ಬಣ್ಣದ ಬಟ್ಟೆಗಳನ್ನು ಹೊದಿಸಿ, ಎತ್ತುಗಳನ್ನು ಹೂಡಿ, ಈಚೆಗೆ ಟ್ರ್ಯಾಕ್ಟರುಗಳನ್ನೂ ಹೂಡಿ, ಅಮ್ಮನ ಸನ್ನಿಧಿಗೆ ಎಳೆದು ತರುತ್ತಾರೆ. ಇತ್ತ ಗಾಜಿನ ಸೌಧಗಳು, ಅತ್ತ ತೂಗಾಡುತ್ತ ಬರುವ ತೇರು. ಬೆಳೆಯನ್ನು ಕಾಯಲೆಂದು ನಿಂತ ದೇವತೆ, ಬೆಳೆಯೇ ಇಲ್ಲದ ನೆಲದಲ್ಲಿ ಇನ್ನೆಷ್ಟು ಕಾಲ ನಿಂತಾಳು? ನೋಡುವವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳುವುದು ಸಹಜ.

ಇದೇ ಪ್ರಶ್ನೆಯನ್ನು ನಮಗಿಂತ ಮೊದಲೇ ಎದುರಿಸಿದ ನಾಡೊಂದುಂಟು. ಅದು ಗ್ರೀಸ್.

ಗ್ರೀಕ್ ದೇವಿಯರೆಂದೊಡನೆ ನಮಗೆ ನೆನಪಾಗುವುದು ಅಮೃತಶಿಲೆಯ ಸುಂದರ ಮೂರ್ತಿಗಳು. ಆದರೆ ಆ ಪೂಜೆಯ ಬೇರು ಅಮೃತಶಿಲೆಗಿಂತ ಬಹಳ ಹಳೆಯದು. ಆರ್ಥರ್ ಇವಾನ್ಸ್ ಎಂಬ ವಿದ್ವಾಂಸನು 1900ರಲ್ಲಿ ಕ್ರೀಟ್ ದ್ವೀಪದ ನೋಸಸ್ ಎಂಬಲ್ಲಿ ಅಗೆತವನ್ನು ಆರಂಭಿಸಿದನು. ಕೆಲವೇ ವರ್ಷಗಳಲ್ಲಿ, ಎರಡು ಕೈಗಳಲ್ಲಿಯೂ ಹಾವುಗಳನ್ನು ಹಿಡಿದ ಸ್ತ್ರೀಮೂರ್ತಿ ಅಲ್ಲಿ ದೊರೆಯಿತು. ನಾಗರಕಲ್ಲಿಗೆ ಹಾಲೆರೆಯುವ ನಮಗೆ ಅದು ತೀರ ಅಪರಿಚಿತವೆನಿಸದು. ಅಲ್ಲಿಯೇ ಸಿಕ್ಕಿದ ಮಣ್ಣಿನ ಹಲಗೆಗಳ ಲಿಪಿಯನ್ನು 1952ರಲ್ಲಿ ಮೈಕೇಲ್ ವೆಂಟ್ರಿಸ್ ಓದಿ ತೋರಿಸಿದನು. ಅವುಗಳಲ್ಲಿ ಒಂದು ಹಲಗೆ ಬರಿಯ ಲೆಕ್ಕದ ಚೀಟಿ: ಎಲ್ಲ ದೇವರಿಗೂ ಸೇರಿ ಒಂದು ಗಡಿಗೆ ಜೇನು, ಒಡತಿಯೊಬ್ಬಳಿಗೇ ಒಂದು ಗಡಿಗೆ ಜೇನು. ಮೂರು ಸಾವಿರ ವರ್ಷಗಳಿಗೂ ಹಿಂದಿನ ಈ ಲೆಕ್ಕವೇ ಸಾಕು, ಆ ತಾಯಿಯ ಗೌರವವನ್ನು ಅಳೆಯಲು. ಅವರು ಅವಳನ್ನು ಕರೆದ ಪದ ‘ಪೊಟ್ನಿಯಾ’, ಎಂದರೆ ಒಡತಿ. ನಾವು ‘ಅಮ್ಮ’ ಎಂದು ಸುಮ್ಮನಾಗುವಂತೆಯೇ ಅವರೂ ಅನೇಕ ವೇಳೆ ಆ ಒಂದು ಪದಕ್ಕೇ ಸುಮ್ಮನಾದರು.

ಕಾಲ ಸರಿದಂತೆ ಒಡತಿಯರು ಬೇರೆ ಬೇರೆ ಹೆಸರುಗಳಲ್ಲಿ ನೆಲೆಗೊಂಡರು. ಅಥೀನಾ ನಗರವನ್ನು ಕಾದಳು. ಆರ್ಟೆಮಿಸ್ ಕಾಡನ್ನೂ ಹೆರಿಗೆಯನ್ನೂ ನೋಡಿಕೊಂಡಳು. ಡಿಮೀಟರ್ ಪೈರನ್ನು ಕಾಪಾಡಿದಳು. ಅಥೆನ್ಸಿನ ಮಹೋತ್ಸವದಲ್ಲಿ ಸ್ತ್ರೀಯರು ನೇಯ್ದ ಹೊಸ ವಸ್ತ್ರವನ್ನು ಹಡಗಿನಾಕಾರದ ಬಂಡಿಯ ಮೇಲೆ ಹಾಯಿಯಂತೆ ಹರಡಿ, ಮೆರವಣಿಗೆಯಲ್ಲಿ ಅಥೀನಾದೇವಿಗೆ ಒಯ್ಯುತ್ತಿದ್ದರು. ಹುಸ್ಕೂರಿನ ತೇರಿಗೂ ಅದಕ್ಕೂ ಯಾವ ಬಾಂಧವ್ಯವೂ ಇಲ್ಲ. ಅವರಿಂದ ನಾವು ಕಲಿತದ್ದಲ್ಲ, ನಮ್ಮಿಂದ ಅವರೂ ಅಲ್ಲ. ಆದರೆ ತಾಯಿಯ ಬಳಿಗೆ ಬರಿಗೈಯಲ್ಲಿ ಹೋಗಬಾರದೆಂಬ ಭಾವ ಎರಡೂ ಕಡೆ ಒಂದೇ.

ಡಿಮೀಟರಳ ಮುಖ್ಯ ಕ್ಷೇತ್ರ ಎಲ್ಯೂಸಿಸ್. ಪಾತಾಳದ ಒಡೆಯನು ಅಪಹರಿಸಿದ ಮಗಳನ್ನು ಅರಸುತ್ತ, ಮುದುಕಿಯ ವೇಷದಲ್ಲಿ ಅವಳು ಅಲ್ಲಿನ ಬಾವಿಯ ಬಳಿ ಕುಳಿತಳೆಂದೂ, ಮಗಳು ಮರಳುವವರೆಗೆ ಭೂಮಿ ಬೆಳೆಯಲಿಲ್ಲವೆಂದೂ ಕಥೆ. ಕ್ರಿ.ಶ. 392ರಲ್ಲಿ ಥಿಯೊಡೋಸಿಯಸ್ ಚಕ್ರವರ್ತಿ ಹಳೆಯ ದೇವತೆಗಳ ಪೂಜೆಯನ್ನು ನಿಷೇಧಿಸಿದನು. ದೇವಾಲಯ ಹಾಳಾಯಿತು. ಆದರೆ ಮುಂದೆ 1801ರಲ್ಲಿ ಎಡ್ವರ್ಡ್ ಕ್ಲಾರ್ಕ್ ಎಂಬ ಇಂಗ್ಲಿಷ್ ಪ್ರವಾಸಿ ಅಲ್ಲಿಗೆ ಹೋದಾಗ, ಗೊಬ್ಬರದ ಗುಡ್ಡೆಯಲ್ಲಿ ಅರ್ಧ ಹೂತಿದ್ದ ಹಳೆಯ ಸ್ತ್ರೀಶಿಲೆಯೊಂದನ್ನು ಕಂಡನು. ಅದು ಹೋದರೆ ಬೆಳೆ ಹೋಗುವುದೆಂದು ಹಳ್ಳಿಗರು ಗೋಳಾಡಿದರು. ಆತ ಕೇಳಲಿಲ್ಲ, ಶಿಲೆ ಇಂದು ಕೇಂಬ್ರಿಜ್‌ನ ವಸ್ತುಸಂಗ್ರಹಾಲಯದಲ್ಲಿದೆ. ಎಲ್ಯೂಸಿಸ್ ಇಂದು ತೈಲ ಶುದ್ಧೀಕರಣದ ಕಾರ್ಖಾನೆಗಳ ಊರು. ನಮ್ಮ ಪೀಣ್ಯದ ಒಡಹುಟ್ಟು ಎನ್ನಬಹುದು. ಆದರೂ ಪ್ರತಿ ನವೆಂಬರಿನಲ್ಲಿ, ಹಳೆಯ ಗುಡಿಯ ಅವಶೇಷಗಳ ಮೇಲಣ ದಿಬ್ಬದ ಪುಟ್ಟ ಚರ್ಚಿನಲ್ಲಿ, ಬಿತ್ತನೆಯ ನಡುಗಾಲವನ್ನು ಹೆಸರಿನಲ್ಲಿಯೇ ಉಳ್ಳ ಮೇರಿಮಾತೆಗೆ ಬೇಯಿಸಿದ ನಾನಾ ಕಾಳುಗಳನ್ನು ಅರ್ಪಿಸಿ ಹಂಚುತ್ತಾರೆ.

ನಮ್ಮಲ್ಲಿಯೂ ಹೀಗೆಯೇ ಅಲ್ಲವೇ? 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು, ಪ್ಲೇಗಮ್ಮನ ಗುಡಿಗಳಾದವು. ಸಿಡುಬಿನ ಭಯಕ್ಕೆ ಮಾರಮ್ಮನಿಗೆ ಬೇವಿನ ಸೊಪ್ಪು, ತಂಬಿಟ್ಟಿನ ಆರತಿ ಸಂದಿತು. 1980ರಲ್ಲಿ ಸಿಡುಬು ಲೋಕದಿಂದಲೇ ತೊಲಗಿತೆಂದು ಘೋಷಣೆಯಾಯಿತು. ರೋಗ ಹೋಯಿತು, ಅಮ್ಮ ಹೋಗಲಿಲ್ಲ. ಭಯ ಅವಳನ್ನು ಕರೆತಂದಿರಬಹುದು, ಉಳಿಸಿಕೊಂಡದ್ದು ಭಯವಲ್ಲ. ವರ್ಷಕ್ಕೊಮ್ಮೆ ಊರೆಲ್ಲ ಒಂದೇ ಹಗ್ಗಕ್ಕೆ ಕೈ ಹಾಕುವ ಸಂದರ್ಭವನ್ನು ಅವಳಲ್ಲದೆ ಮತ್ತಾರು ಒದಗಿಸಿಯಾರು?

ಆದರೆ ಎಚ್ಚರವೂ ಬೇಕು. 2024ರಲ್ಲಿ ಹುಸ್ಕೂರಿನ ಹಾದಿಯಲ್ಲಿ ತೇರೊಂದು ಉರುಳಿತು. 2025ರ ಮಾರ್ಚಿಯಲ್ಲಿ ಗಾಳಿಮಳೆಗೆ ಸಿಕ್ಕ ತೇರುಗಳು ಉರುಳಿ ಪ್ರಾಣಹಾನಿಯೂ ಆಯಿತು. ಎತ್ತರದ ಪೈಪೋಟಿ ಭಕ್ತಿಯ ಅಂಗವಲ್ಲ. ಮಕ್ಕಳ ಪ್ರಾಣಕ್ಕೆ ಎರವಾಗುವ ಮರ್ಯಾದೆ ಯಾವ ತಾಯಿಗೆ ಬೇಕು? ತೇರು ಇಪ್ಪತ್ತು ಅಡಿ ತಗ್ಗಿದರೆ ಅಮ್ಮನಿಗೆ ಕುಂದಿಲ್ಲ. ಎಳೆಯುವ ಕೈಗಳು ತಗ್ಗಿದರೆ ಮಾತ್ರ ಕುಂದು.

ಆ ಕೈಗಳಲ್ಲಿ ನಮ್ಮ ಕೈಯೂ ಇರಬಹುದು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎದ್ದ ಮಹಡಿಮನೆಗಳಲ್ಲಿ ದೂರದ ಊರುಗಳಿಂದ ಬಂದ ಸಂಸಾರಗಳು ನೆಲಸಿವೆ. ತಾವು ಯಾವ ಅಮ್ಮನ ಗಡಿಯೊಳಗೆ ಇದ್ದೇವೆಂದು ಅವರಲ್ಲಿ ಎಷ್ಟು ಮಂದಿ ಬಲ್ಲರು? ಮುಂದಿನ ಜಾತ್ರೆಯಂದು ಮಕ್ಕಳ ಕೈ ಹಿಡಿದು ಬೀದಿಯ ತುದಿಯವರೆಗೆ ನಡೆದು ಹೋಗಿ, ಪಕ್ಕದಲ್ಲಿ ನಿಂತ ಹಿರಿಯರೊಬ್ಬರನ್ನು ಕೇಳಿದರೆ ಸಾಕು. ತೇರು ದಾಟುವುದರೊಳಗೆ ಊರಿನ ಅರ್ಧ ಚರಿತ್ರೆ ತಿಳಿದಿರುತ್ತದೆ.