ಓದಿ ಹೇಳದ ಪ್ರಮಾಣ ಪತ್ರಕ್ಕೆ ಒತ್ತಿದ ಹೆಬ್ಬೆಟ್ಟು

ತಾಲ್ಲೂಕು ಕೋರ್ಟಿನ ಆವರಣದಲ್ಲಿ ಬೆಳಗಿನ ಹತ್ತೂವರೆ ಎಂದರೆ ಸಂತೆಯ ಹೊತ್ತು. ಟೈಪಿಂಗ್ ಅಂಗಡಿಯ ಮುಂದೆ ಸಾಲು, ನೋಟರಿಯ ಮೇಜಿನ ಸುತ್ತ ಗುಂಪು. ವಕೀಲರ ಗುಮಾಸ್ತ ನಾಲ್ಕು ಹಾಳೆಯ ಕಟ್ಟು ಬಿಡಿಸಿ, ಇಂಕ್ ಪ್ಯಾಡ್ ಮುಂದೆ ಹಿಡಿದು, 'ಇಲ್ಲೊಂದು ಒತ್ತಮ್ಮ, ಇಲ್ಲೊಂದು' ಎನ್ನುತ್ತಾನೆ. ಆಕೆ ಸೆರಗಿಗೆ ಬೆರಳು ಒರೆಸಿಕೊಳ್ಳುವಷ್ಟರಲ್ಲಿ ಸೀಲು ಬಿದ್ದಿರುತ್ತದೆ. ಕೊನೆಯ ಹಾಳೆಯಲ್ಲಿ ಮೊದಲೇ ಅಚ್ಚಾಗಿರುವ ಸಾಲು ಹೀಗಿರುತ್ತದೆ: 'ಓದಿಸಿ ಕೇಳಿ, ಸರಿಯಿದೆ ಎಂದು ಒಪ್ಪಿ ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ.' ಆದರೆ ಅಲ್ಲಿ ಓದಿದವರೂ ಇಲ್ಲ, ಕೇಳಿದವರೂ ಇಲ್ಲ.

ಆಕೆ ಹೆಬ್ಬೆಟ್ಟು ಒತ್ತಿದ್ದು ಪ್ರಮಾಣ ಪತ್ರಕ್ಕೆ, ಅಂದರೆ ಅಫಿಡವಿಟ್‌ಗೆ. ಕಾನೂನಿನ ಕಣ್ಣಿನಲ್ಲಿ ಅದು ದೇವರ ಹೆಸರಿನಲ್ಲಿ ಇಲ್ಲವೇ ಸತ್ಯದ ಹೆಸರಿನಲ್ಲಿ ಆಡಿದ ಮಾತು. ನ್ಯಾಯಾಂಗ ನಡಾವಳಿಯಲ್ಲಿ ಬೇಕೆಂದೇ ಸುಳ್ಳು ಸಾಕ್ಷ್ಯ ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು. ಏನು ಹೇಳಿದ್ದೇನೆಂದು ಗೊತ್ತಿಲ್ಲದವಳ ತಲೆಯ ಮೇಲೆ ಅಷ್ಟು ಭಾರ.

ಹೆಬ್ಬೆಟ್ಟಿಗೆ ಕಾನೂನಿನಲ್ಲಿ ಮಾನ್ಯತೆ ಇಲ್ಲವೆಂದಲ್ಲ. ಹೆಸರು ಬರೆಯಲು ಬಾರದವರ ಗುರುತೂ ಸಹಿಯೇ ಎಂದು 1897ರ ಸಾಮಾನ್ಯ ಖಂಡಗಳ ಅಧಿನಿಯಮ ಹೇಳುತ್ತದೆ. ಅದಕ್ಕೂ ಮೊದಲು, 1858ರಲ್ಲಿ, ಬಂಗಾಳದ ಜಂಗೀಪುರದಲ್ಲಿದ್ದ ಬ್ರಿಟಿಷ್ ಅಧಿಕಾರಿ ವಿಲಿಯಂ ಹರ್ಷೆಲ್ ಒಬ್ಬ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈಯ ಅಚ್ಚು ಹಾಕಿಸಿಕೊಂಡಿದ್ದ. ಆ ಮನುಷ್ಯ ಮುಂದೆ 'ಇದು ನನ್ನದಲ್ಲ' ಎನ್ನದಿರಲಿ ಎಂಬುದೇ ಆತನ ಚಿಂತೆಯಾಗಿತ್ತು. ಹೆಬ್ಬೆಟ್ಟಿನ ಗುಣ ಇಂದಿಗೂ ಅದೇ. ಒತ್ತಿದವರು ಯಾರು ಎಂಬುದನ್ನು ಅದು ಸಹಿಗಿಂತ ಗಟ್ಟಿಯಾಗಿ ಹೇಳುತ್ತದೆ. ಒತ್ತಿದವರಿಗೆ ಏನು ತಿಳಿದಿತ್ತು ಎಂಬುದನ್ನು ಹೇಳುವುದಿಲ್ಲ. 'ಇವರು ನನಗೆ ಗೊತ್ತು' ಎಂದು ವಕೀಲರು ಹಾಕುವ ರುಜುವಿನಿಂದಲೂ ಆ ಕೊರತೆ ತುಂಬದು.

ಈ ಕೊರತೆ ಕಾನೂನಿಗೆ ತಿಳಿಯದ್ದೇನಲ್ಲ. ಇಂಗ್ಲೆಂಡಿನಲ್ಲಿ 1582ರಷ್ಟು ಹಿಂದೆಯೇ ಥರೋಗುಡ್ ಎಂಬ ಅನಕ್ಷರಸ್ಥನ ಪ್ರಕರಣ ನಡೆದಿತ್ತು. ಗೇಣಿಯ ಬಾಕಿ ಬಿಟ್ಟುಕೊಡುವ ಪತ್ರವೆಂದು ಪಕ್ಕದಲ್ಲಿದ್ದವನೊಬ್ಬ ಹೇಳಿದ್ದನ್ನು ನಂಬಿ ಅವನು ಒಪ್ಪಿಗೆ ಕೊಟ್ಟ. ಪತ್ರದಲ್ಲಿದ್ದದ್ದು ಜಮೀನಿನ ಹಕ್ಕನ್ನೇ ಬಿಟ್ಟುಕೊಟ್ಟ ಮಾತು. ಆ ಪತ್ರ ಅವನದಲ್ಲ ಎಂದು ನ್ಯಾಯಾಲಯ ಹೇಳಿತು.

ಕನ್ನಡ ನಾಡಿನದೇ ಪ್ರಕರಣವೊಂದು ಕಾನೂನು ವಿದ್ಯಾರ್ಥಿಗಳಿಗೆ ಬಾಯಿಪಾಠ. ಅದು ಪ್ರಮಾಣ ಪತ್ರದ್ದಲ್ಲ, ದಾನಪತ್ರದ್ದು. ನೋವು ಮಾತ್ರ ಒಂದೇ. ಇಂದಿನ ವಿಜಯಪುರ ಜಿಲ್ಲೆಯ ಕಡೆಯ ನಿಂಗವ್ವ ಓದು ಬಾರದವರು, ವ್ಯವಹಾರವನ್ನೆಲ್ಲ ಗಂಡನಿಗೆ ಬಿಟ್ಟವರು. 1938ರ ಜನವರಿಯಲ್ಲಿ ಗಂಡ ದಾನಪತ್ರ ಮಾಡಿಸಿಕೊಂಡ. ತಡವಲಗದ ಎರಡು ಜಮೀನಷ್ಟೇ ಎಂದು ನಂಬಿಸಿ, ಲಿಂಗದಹಳ್ಳಿಯ ಇನ್ನೆರಡನ್ನೂ ಪತ್ರದಲ್ಲಿ ಸೇರಿಸಿದ್ದ. ಸುಪ್ರೀಂ ಕೋರ್ಟ್ 1968ರಲ್ಲಿ ಲಿಂಗದಹಳ್ಳಿಯ ಜಮೀನುಗಳು ಆಕೆಗೇ ಸೇರಬೇಕೆಂದಿತು. ಗೆದ್ದರು, ನಿಜ. ಪತ್ರಕ್ಕೂ ತೀರ್ಪಿಗೂ ನಡುವೆ ಮೂವತ್ತು ವರ್ಷ.

ಅದೇ ತೀರ್ಪಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪತ್ರ ಯಾವ ಬಗೆಯದು ಎಂಬುದರಲ್ಲೇ ಮೋಸವಾಗಿದ್ದರೆ ಅದು ಹುಟ್ಟಿನಿಂದಲೇ ಶೂನ್ಯ. ಒಳಗಿನ ವಿವರದಲ್ಲಿ ಮಾತ್ರ ಮೋಸವಾಗಿದ್ದರೆ, ಮೋಸಹೋದವರು ಕಾಲಮಿತಿಯೊಳಗೆ ಬಂದು ರದ್ದು ಮಾಡಿಸಿಕೊಳ್ಳುವತನಕ ಅದು ನಿಲ್ಲುತ್ತದೆ. ಓದಲು ಬಾರದವರಿಗೆ ಒಳಗಿನ ವಿವರ ತಿಳಿಯುವುದಾದರೂ ಹೇಗೆ? ಬೇಲಿ ಹಾಕಲು ಇನ್ನೊಬ್ಬರು ಹೊಲಕ್ಕೆ ಬಂದಾಗ.

ಪ್ರಮಾಣ ಪತ್ರದ ವಿಷಯದಲ್ಲಿ ರಕ್ಷಣೆಯೇ ಇಲ್ಲವೆಂದರೆ ತಪ್ಪಾದೀತು. ಪ್ರಮಾಣ ಮಾಡುವವರು ಅನಕ್ಷರಸ್ಥರೋ ಅಂಧರೋ ಆಗಿದ್ದರೆ, ಅವರಿಗೆ ಓದಿ ಹೇಳಲಾಗಿದೆ, ಅರ್ಥವಾದಂತೆ ಕಂಡಿದೆ, ತನ್ನೆದುರೇ ಗುರುತು ಹಾಕಿದ್ದಾರೆ ಎಂದು ಪ್ರಮಾಣ ಮಾಡಿಸುವ ಅಧಿಕಾರಿ ಬರೆಯಬೇಕು ಎಂಬ ರೂಢಿ ನಮ್ಮ ನ್ಯಾಯಾಲಯಗಳಿಗೆ ಹೊಸದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 139ನೇ ಕಲಂ ಪ್ರಮಾಣ ಮಾಡಿಸುವ ಅಧಿಕಾರವನ್ನು ನ್ಯಾಯಾಲಯ, ಮ್ಯಾಜಿಸ್ಟ್ರೇಟ್, ನೋಟರಿ ಮತ್ತು ಹೈಕೋರ್ಟ್ ನೇಮಿಸಿದವರಿಗೆ ಕೊಟ್ಟಿದೆ. ಅಧಿಕಾರದ ಜತೆ ಬಂದ ಹೊಣೆ ಮಾತ್ರ ರಬ್ಬರ್ ಸೀಲಿನೊಳಗೆ ಸೇರಿಹೋಗಿದೆ. ಇಂಗ್ಲೆಂಡಿನ ಇಂದಿನ ನಿಯಮದಂತೆ, ಈ ದೃಢೀಕರಣವಿಲ್ಲದ ಪ್ರಮಾಣ ಪತ್ರವನ್ನು, ಓದಿ ಹೇಳಿದ್ದು ಮತ್ತು ಅರ್ಥವಾದದ್ದು ಬೇರೆ ರೀತಿಯಲ್ಲಿ ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು, ಸಾಕ್ಷ್ಯವಾಗಿ ಬಳಸುವಂತಿಲ್ಲ. ನಮಗೆ ಬೇಕಾದದ್ದು ಅಂಥ ಬಿಗಿ.

2002ರ ನಂತರ ಈ ಬಿಗಿ ಇನ್ನಷ್ಟು ಅಗತ್ಯವಾಗಿದೆ. ಆ ವರ್ಷದ ಜುಲೈ 1ರಿಂದ ಸಿವಿಲ್ ದಾವೆಗಳಲ್ಲಿ ಸಾಕ್ಷಿಯ ಮುಖ್ಯ ವಿಚಾರಣೆ ಅಫಿಡವಿಟ್ ಮೂಲಕ ನಡೆಯುತ್ತಿದೆ. ನ್ಯಾಯಾಲಯದ ಸಮಯ ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ. ಮೊದಲು ಸಾಕ್ಷಿ ಕಟಕಟೆಯಲ್ಲಿ ನಿಂತು ತನ್ನ ಮಾತಿನಲ್ಲಿ ಹೇಳುತ್ತಿದ್ದ. ಹೇಳಿದ್ದನ್ನು ಅವನಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಂಡರೆ ಅವನ ಭಾಷೆಯಲ್ಲಿ ವಿವರಿಸಿ ಹೇಳಬೇಕು ಎಂಬ ನಿಯಮ ಅದೇ ಸಂಹಿತೆಯ 18ನೇ ಆದೇಶದಲ್ಲಿದೆ. ಈಗ ಅವನ ಮಾತು ಕಚೇರಿಯಲ್ಲಿ ತಯಾರಾಗಿ ಬರುತ್ತದೆ, ಎಷ್ಟೋ ಸಲ ಇಂಗ್ಲಿಷಿನಲ್ಲಿ. ಪಾಟೀ ಸವಾಲಿನಲ್ಲಿ ಎದುರು ವಕೀಲರು 'ಇದರಲ್ಲಿ ಏನು ಬರೆಸಿದ್ದೀರಿ?' ಎಂದರೆ 'ನಮ್ಮ ವಕೀಲರು ಬರೆಸಿದ್ದಾರೆ ಸ್ವಾಮಿ, ನನಗೆ ಗೊತ್ತಿಲ್ಲ' ಎಂಬ ಉತ್ತರ. ನಿಜವಾದ ಹಕ್ಕಿರುವ ಮನುಷ್ಯನ ದಾವೆ ಆ ಒಂದು ಮಾತಿಗೆ ಸಡಿಲವಾಗಬಹುದು.

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36, ಮಹಿಳೆಯರದು ಶೇ 68.08, ಯಾದಗಿರಿ ಜಿಲ್ಲೆಯದು ಶೇ 51.83. ಹೆಸರು ಬರೆಯಲು ಬಂದರೂ ಇಂಗ್ಲಿಷ್ ಅಫಿಡವಿಟ್ ಓದಲಾಗದವರನ್ನು ಈ ಲೆಕ್ಕದಲ್ಲಿ ಹುಡುಕಲಾಗದು. ಅವರು ಹೆಬ್ಬೆಟ್ಟಿನವರಿಗಿಂತಲೂ ಹೆಚ್ಚು ಅಸಹಾಯಕರು. ಅಕ್ಷರದಲ್ಲಿ ರುಜು ಬಿದ್ದಮೇಲೆ 'ಓದಿ ಹೇಳಿದಿರಾ?' ಎಂದು ಯಾರೂ ಕೇಳುವುದಿಲ್ಲ.

ಕಕ್ಷಿದಾರನನ್ನು ಕೂರಿಸಿಕೊಂಡು ಒಂದೊಂದು ಪ್ಯಾರಾವನ್ನೂ ಬಿಡಿಸಿ ಹೇಳುವ ವಕೀಲರಿದ್ದಾರೆ. ರಕ್ಷಣೆ ಅವರ ಒಳ್ಳೆಯತನಕ್ಕೆ ಬಿಟ್ಟ ಸಂಗತಿ ಆಗಬಾರದು. ಓದಿ ಹೇಳಿದವರ ಹೆಸರು, ರುಜು, ಭಾಷೆ ಪತ್ರದಲ್ಲಿ ಬರಲಿ. ದಸ್ತಾವೇಜುಗಳಲ್ಲಿ ಬರೆದವರು ಬಿಕ್ಕಲಂ ಹಾಕುವ ಪದ್ಧತಿ ಇದ್ದೇ ಇದೆ. ಓದಿದವರಿಗೂ ಅಂಥ ಹೊಣೆ ಬರಲಿ. ಎಲ್ಲಕ್ಕಿಂತ ಮುಖ್ಯವಾಗಿ, ನೋಟರಿ 'ಅರ್ಥವಾಯಿತೇ?' ಎಂದು ಕೇಳಿ ಸುಮ್ಮನಾಗಬಾರದು. ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ. 'ಏನು ಹೇಳಿದ್ದೀಯ, ಹೇಳಮ್ಮ' ಎಂದು ಕೇಳಿ, ಆಕೆ ಹೇಳಿದ ಎರಡು ಸಾಲನ್ನು ಆಕೆಯ ಮಾತಿನಲ್ಲೇ ಬರೆದುಕೊಳ್ಳಬೇಕು. ಐದು ನಿಮಿಷದ ಕೆಲಸ. ಇದಿಲ್ಲದ ಪತ್ರವನ್ನು ಕೋರ್ಟಿನ ಕಚೇರಿ ಆಕ್ಷೇಪಣೆ ಹಾಕಿ ಹಿಂದಿರುಗಿಸಲಿ. ಇದನ್ನು ಕಡ್ಡಾಯ ಮಾಡಲು ಹೈಕೋರ್ಟ್ ತನ್ನ ನಿಯಮಗಳಲ್ಲಿ ಒಂದು ತಿದ್ದುಪಡಿ ತಂದರೆ ಸಾಕು.

ಅಲ್ಲಿಯವರೆಗೆ ಓದು ಬಲ್ಲವರ ಮೇಲೂ ಒಂದು ಕೆಲಸವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100 ಎಂದು ಗೊತ್ತಿಲ್ಲದವರಿಗೆ ತಿಳಿಸಿ. ಊರಿನವರು ಯಾರಾದರೂ ಸಾಕ್ಷಿ ರುಜುವಿಗೆ ನಿಮ್ಮನ್ನು ಕರೆದರೆ, ಹೆಬ್ಬೆಟ್ಟು ಒತ್ತುವ ಮೊದಲು ಪತ್ರವನ್ನು ನೀವೇ ಕೈಗೆ ತೆಗೆದುಕೊಂಡು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಅವರಿಗೆ ಓದಿ ಹೇಳಿ.